ಗೆಲ್ಲುವವನಿಗೆ ಬೇಕಾದದ್ದು ಸೋಲುವವನು

‘ಇದು ಜೂಜಲ್ಲ, ಕೌಶಲದ ಆಟ’ ಎಂಬ ಮಾತು ಬೆಂಗಳೂರಿನ ಕ್ಲಬ್ಬುಗಳಿಂದ ಹೊರಟು, ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ ಬಸ್‌ಸ್ಟ್ಯಾಂಡ್ ದಾಟಿ, ನಮ್ಮೂರು ಹೊರಕೆರೆದೇವಪುರದ ಹೋಟೆಲ್ ಬೆಂಚಿನ ಮೇಲೆ ಬಂದು ಕೂತಿದೆ. ಹಿಂದೆ ಇಸ್ಪೀಟಾಡುವ ಹುಡುಗನಿಗೆ ಅಳುಕಾದರೂ ಇತ್ತು. ಅಪ್ಪನ ಕೆಮ್ಮು ಕೇಳಿದರೆ ಎಲೆ ಬಚ್ಚಿಡುತ್ತಿದ್ದ. ಈಗಿನವನು ಬಚ್ಚಿಡುವುದಿಲ್ಲ. ಡಿಗ್ರಿ ಮುಗಿಸಿದ್ದಾನೆ, ಪೋಕರ್ ಪಾಠದ ವಿಡಿಯೊ ನೋಡಿದ್ದಾನೆ, ಹೈಕೋರ್ಟ್ ಏನು ಹೇಳಿದೆ ಎಂಬುದೂ ಅವನ ನಾಲಿಗೆ ತುದಿಯಲ್ಲಿದೆ. ಶಿಸ್ತು, ತಾಳ್ಮೆ, ಲೆಕ್ಕ ಈ ಮೂರಿದ್ದರೆ ಪೋಕರ್ ಕೂಡ ಒಂದು ವೃತ್ತಿ ಎಂದು ಅಪ್ಪನಿಗೇ ತಿಳಿಹೇಳುತ್ತಾನೆ. ಅಪ್ಪ ತಲೆಯಾಡಿಸುತ್ತಾನೆ. ಓದಿದ ಮಗ ಹೇಳುತ್ತಿದ್ದಾನಲ್ಲ!

ಆ ತಲೆಯಾಡಿಸುವಿಕೆಯ ಮೇಲೆ ನನ್ನ ತಕರಾರು. ಅಪ್ಪನದೊಂದೇ ಅಲ್ಲ, ನ್ಯಾಯಾಲಯದ್ದು, ಪತ್ರಿಕೆಗಳದ್ದು, ಮ್ಯಾನೇಜ್‌ಮೆಂಟ್ ಮೇಷ್ಟ್ರುಗಳದ್ದು, ನಮ್ಮೆಲ್ಲರದ್ದು.

ಯಶಸ್ವಿ ಪೋಕರ್ ಆಟಗಾರನಾಗಲು ಏನು ಬೇಕು ಎಂದು ಕೇಳಿ ನೋಡಿ, ಪಟ್ಟಿ ಸಿದ್ಧವಾಗಿರುತ್ತದೆ. ಸಂಭವನೀಯತೆಯ ಗಣಿತ ಬೇಕು. ಎದುರಾಳಿಯ ಮನಸ್ಸು ಓದಬೇಕು. ಸೋತಾಗ ರೊಚ್ಚಿಗೇಳಬಾರದು, ಗೆದ್ದಾಗ ಉಬ್ಬಬಾರದು. ಕೆಟ್ಟ ಎಲೆ ಬಂದರೆ ಮಡಚಿ ಸುಮ್ಮನಿರುವ ಸಂಯಮ ಬೇಕು. ಎಷ್ಟು ಸಾತ್ವಿಕ ಗುಣಗಳು! ಇಷ್ಟೆಲ್ಲ ಇದ್ದವನು ಸನ್ಯಾಸ ತೆಗೆದುಕೊಳ್ಳದೆ ಇಸ್ಪೀಟಿಗೇಕೆ ಕೂತ ಎಂಬುದೇ ಸೋಜಿಗ. ಆದರೆ ಎಲ್ಲರ ಪಟ್ಟಿಯಲ್ಲೂ ಬಿಟ್ಟುಹೋಗುವ ಮುಖ್ಯ ಸಾಮಗ್ರಿ ಒಂದಿದೆ: ತನಗಿಂತ ಕೆಟ್ಟದಾಗಿ ಆಡುವ, ಜೇಬಿನಲ್ಲಿ ಹಣವಿರುವ, ಸೋತರೂ ಎದ್ದು ಹೋಗದ ನಾಲ್ಕೈದು ಜನ. ಅವರಿಲ್ಲದೆ ಜಗತ್ತಿನ ಅತಿ ದೊಡ್ಡ ಪೋಕರ್ ಪಂಡಿತನೂ ಒಂದು ಕಾಸು ಸಂಪಾದಿಸಲಾರ. ಆ ಮೇಜಿನ ಮೇಲೆ ಹೊಸದಾಗಿ ಏನೂ ಹುಟ್ಟುವುದಿಲ್ಲ. ಒಬ್ಬನ ಜೇಬಿನಿಂದ ಎದ್ದದ್ದು ಇನ್ನೊಬ್ಬನ ಜೇಬಿಗೆ ಬೀಳುತ್ತದೆ, ಅಷ್ಟೆ.

ಪೋಕರ್‌ನಲ್ಲಿ ಕೌಶಲವಿಲ್ಲ ಎಂದು ನಾನು ವಾದಿಸುವುದಿಲ್ಲ. ಇದೆ, ಬೇಕಾದಷ್ಟಿದೆ. ನನ್ನ ಆರೋಪವೇ ಅದು. ಅಂದರ್-ಬಾಹರ್‌ನಲ್ಲಿ ಕೌಶಲವಿಲ್ಲ, ಎಲೆ ಒಳಗೆ ಬಿತ್ತೋ ಹೊರಗೆ ಬಿತ್ತೋ, ಕೂಲಿಯವನಿಗೂ ಸಾಹುಕಾರನಿಗೂ ಹೆಚ್ಚುಕಡಿಮೆ ಒಂದೇ ಅದೃಷ್ಟ. ಕೌಶಲವಿರುವ ಆಟದಲ್ಲಿ ಆ ಬಡಪಾಯಿ ಸಮಾನತೆಯೂ ಉಳಿಯುವುದಿಲ್ಲ. ಬಲ್ಲವನು ಅರಿಯದವನನ್ನು ನಿಧಾನವಾಗಿ, ಖಚಿತವಾಗಿ ಬೋಳಿಸುತ್ತಾನೆ. ಹಾಗಿದ್ದ ಮೇಲೆ ‘ಇದು ಕೌಶಲದ ಆಟ’ ಎಂಬ ವಾಕ್ಯ ನಮ್ಮೂರ ಹುಡುಗನಿಗೆ ಆಹ್ವಾನವಾಗಿ ಕೇಳಿಸುವುದಾದರೂ ಹೇಗೆ? ಅದು ಎಚ್ಚರಿಕೆಯ ಫಲಕವಾಗಬೇಕಿತ್ತು.

ಆಡಿಸುವವನ ಪಾಲಿನ ಲೆಕ್ಕ ನೋಡಿ. ಪ್ರತಿ ಸುತ್ತಿನ ಪಣದಲ್ಲಿ ಶೇ 5ರ ಆಸುಪಾಸು ಕತ್ತರಿಸಿಕೊಳ್ಳುವುದು ಈ ದಂಧೆಯ ಸಾಮಾನ್ಯ ರೂಢಿ. ಅದಕ್ಕೆ ರೇಕ್ ಎನ್ನುತ್ತಾರೆ. ಆರು ಜನ ತಲಾ 1,000 ರೂಪಾಯಿ ತಂದು ಕೂತರು ಎನ್ನಿ. ಸುತ್ತಿಗೆ ಸರಾಸರಿ 200 ರೂಪಾಯಿ ಪಣ ಸೇರಿದರೆ ಆಡಿಸುವವನಿಗೆ 10 ರೂಪಾಯಿ. ಮೊಬೈಲಿನಲ್ಲಿ ಗಂಟೆಗೆ 60 ಸುತ್ತು ಆಡುವುದು ಏನೇನೂ ಕಷ್ಟವಲ್ಲ. ಗಂಟೆಗೆ 600 ರೂಪಾಯಿ ಆಯಿತು. ಹತ್ತು ಗಂಟೆಯಲ್ಲಿ ಆರೂ ಜನರ 6,000 ರೂಪಾಯಿ ಪೂರ್ತಿಯಾಗಿ ಆಡಿಸುವವನ ಪೆಟ್ಟಿಗೆಗೆ ಸಂದಾಯ. ಒಂದೇ ಒಂದು ಎಲೆ ಹಿಡಿಯದವನು, ಒಂದು ರೂಪಾಯಿಯ ಅಪಾಯ ತೆಗೆದುಕೊಳ್ಳದವನು ಪ್ರತಿ ಸುತ್ತಿನಲ್ಲೂ ಗೆದ್ದಿದ್ದಾನೆ. ಹಾಗಾದರೆ ಈ ಆಟದ ಯಶಸ್ವಿ ಆಟಗಾರ ಯಾರು? ಎದುರಾಳಿಗಿಂತ ಸ್ವಲ್ಪ ಚೆನ್ನಾಗಿ ಆಡಿದರೆ ಸಾಲದು, ಈ ಸೋರಿಕೆಯನ್ನು ತುಂಬುವಷ್ಟು ಚೆನ್ನಾಗಿ ಆಡಬೇಕು. ಇದರ ಮೇಲೆ 2025ರವರೆಗೆ ಸರ್ಕಾರದ ಪಾಲು ಬೇರೆ ಇತ್ತು: ಆನ್‌ಲೈನ್ ಆಟದಲ್ಲಿ 2023ರ ಏಪ್ರಿಲ್‌ನಿಂದ ನಿವ್ವಳ ಗೆಲುವಿನ ಮೇಲೆ ಶೇ 30 ತೆರಿಗೆ ಮೂಲದಲ್ಲೇ ಕಡಿತ, ಅದೇ ವರ್ಷದ ಅಕ್ಟೋಬರ್ 1ರಿಂದ ಕಟ್ಟಿದ ಹಣದ ಮೇಲೆ ಶೇ 28 ಜಿಎಸ್‌ಟಿ. ‘ತಾಳ್ಮೆ ಇದ್ದರೆ ಸಂಪಾದನೆ’ ಎಂದು ಪಾಠ ಹೇಳುವ ಮಹನೀಯರು ಕಪ್ಪುಹಲಗೆಯ ಮೇಲೆ ಈ ಕಳೆಯುವ ಲೆಕ್ಕವನ್ನು ಎಂದಾದರೂ ಬರೆದರೇ?

ಇನ್ನು ಅದೃಷ್ಟ. ಕೌಶಲವಾದಿಗಳು ಅದನ್ನು ‘ಅಲ್ಪಾವಧಿಯ ಏರಿಳಿತ’ ಎಂದು ಮೆಲ್ಲಗೆ ಬದಿಗಿಡುತ್ತಾರೆ. ಎರಡು ಎಕ್ಕ ಕೈಗೆ ಬರುವುದು 221 ಸಲಕ್ಕೊಮ್ಮೆ. ಎದುರಿನವನ ಬಳಿ ಎರಡು ರಾಜ ಇದ್ದು ಇಬ್ಬರೂ ಎಲ್ಲವನ್ನೂ ಪಣಕ್ಕಿಟ್ಟರೆ, ಐದರಲ್ಲಿ ಹತ್ತಿರಹತ್ತಿರ ಒಂದು ಸಲ ಎಕ್ಕದವನೇ ಸೋಲುತ್ತಾನೆ. ಅವನು ತಪ್ಪು ಮಾಡಿರುವುದಿಲ್ಲ, ಆದರೂ ಸೋಲುತ್ತಾನೆ. ಈ ಏರಿಳಿತ ಎಷ್ಟು ದೊಡ್ಡದೆಂದರೆ, ನಿಜಕ್ಕೂ ಒಳ್ಳೆಯ ಆಟಗಾರರು ಹತ್ತು ಸಾವಿರ ಸುತ್ತು ಆಡಿದ ಮೇಲೂ ಅವರಲ್ಲಿ ಹತ್ತಕ್ಕೆ ಸುಮಾರು ಮೂವರು ನಷ್ಟದಲ್ಲೇ ಇರುವುದು ಸಾಮಾನ್ಯ ಗಣಿತ. ಇದರ ಮಗ್ಗುಲನ್ನು ತಿರುಗಿಸಿ ನೋಡಿ; ಅಪಾಯ ಇರುವುದು ಅಲ್ಲಿ. ಅಷ್ಟೇ ಪ್ರಮಾಣದಲ್ಲಿ ಕೆಟ್ಟ ಆಟಗಾರರು ಸಾವಿರ ಸುತ್ತು ಮುಗಿಸಿದಾಗ ನೂರರಲ್ಲಿ ನಲವತ್ತಕ್ಕೂ ಹೆಚ್ಚು ಮಂದಿ ಲಾಭದಲ್ಲಿರುತ್ತಾರೆ. ಸೋಲಲೆಂದೇ ಕೂತವನು ಮೊದಲ ಹಂಗಾಮಿನಲ್ಲಿ ಗೆಲ್ಲುತ್ತಾನೆ. ಗೆದ್ದವನಿಗೆ ಅದು ಅದೃಷ್ಟವೆಂದು ಯಾರು ಹೇಳಬೇಕು? ಅವನಿಗೆ ಮೊದಲೇ ಬಾಯಿಪಾಠ ಮಾಡಿಸಿದ್ದೇವಲ್ಲ, ಇದು ಕೌಶಲದ ಆಟ ಎಂದು. ಗೆದ್ದರೆ ‘ನನಗೆ ಬರುತ್ತದೆ’, ಸೋತರೆ ‘ಇವತ್ತು ಎಲೆ ಸರಿಯಿಲ್ಲ’. ಮಟ್ಕಾ ಆಡುವವನು ಕನಿಷ್ಠ ತನ್ನನ್ನು ಪ್ರತಿಭಾವಂತ ಎಂದುಕೊಳ್ಳುವುದಿಲ್ಲ.

ಬಂಡವಾಳದ ಮಾತೂ ಬರಲಿ. ಪಂಡಿತರ ಉಪದೇಶವೇ ಇದು: ಒಂದು ಮೇಜಿಗೆ ಕೂರುವ ಹಣದ ಮೂವತ್ತರಿಂದ ಐವತ್ತು ಪಟ್ಟನ್ನು ಪ್ರತ್ಯೇಕ ಇಟ್ಟಿರಬೇಕು, ಅದು ಪೂರ್ತಿ ಹೋದರೂ ಬದುಕು ಅಲುಗಬಾರದು. ಸಾವಿರ ರೂಪಾಯಿಯ ಸಣ್ಣ ಮೇಜಿಗೇ 30ರಿಂದ 50 ಸಾವಿರ ಬೇಕಾಯಿತು. 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ನೂರು ದಿನದ ಕೆಲಸ ಪೂರ್ತಿ ಸಿಕ್ಕರೂ ಒಂದು ಮನೆಗೆ ಬರುತ್ತಿದ್ದುದು 37,000. ಒಂದು ಮನೆಯ ಇಡೀ ವರ್ಷದ ಖಾತ್ರಿ ಕೂಲಿಯನ್ನು ‘ಹೋದರೆ ಹೋಗಲಿ’ ಎಂದು ಪಕ್ಕಕ್ಕಿಡಬಲ್ಲವರು ಹೊರಕೆರೆದೇವಪುರದಲ್ಲಿ ಎಷ್ಟು ಮಂದಿ? ಇಲ್ಲಿ ಕೈಗೆ ದುಡ್ಡು ಕಾಣುವುದು ಅಡಕೆ ಖೇಣಿಯ ಮುಂಗಡ ಬಂದಾಗ, ಇಲ್ಲವೇ ಕೊಬ್ಬರಿ, ರಾಗಿ ಮಾರಿದಾಗ. ಆ ದುಡ್ಡಿಗೆ ಹೆಸರು ಬರೆದಿರುತ್ತದೆ: ಕೊಳವೆಬಾವಿಯ ಮೋಟಾರು, ಸೊಸೈಟಿ ಸಾಲ, ಮಗಳ ಫೀಸು. ಹೆಸರಿಲ್ಲದ ದುಡ್ಡಿರುವವನಿಗೆ ಪೋಕರ್ ಆಟ. ಹೆಸರಿರುವ ದುಡ್ಡು ತಂದವನು ಅಲ್ಲಿ ಊಟ. ಭಯದಿಂದ ಆಡುವವನನ್ನು ಗುರುತಿಸಿ ಅವನ ಮೇಲೆ ಪಣ ಏರಿಸುವುದು ಆ ಆಟದ ಮೊದಲ ಪಾಠಗಳಲ್ಲಿ ಒಂದು.

ಅದೂ ಎದುರಿಗಿರುವವನು ಮನುಷ್ಯನೇ ಆಗಿದ್ದರೆ! 2017ರ ಜನವರಿಯಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಲಿಬ್ರಾಟಸ್ ಎಂಬ ಕಂಪ್ಯೂಟರ್ ಪ್ರೋಗ್ರಾಂ ಪಿಟ್ಸ್‌ಬರ್ಗ್‌ನ ಕ್ಯಾಸಿನೊದಲ್ಲಿ ನಾಲ್ವರು ಕಸುಬಿ ಆಟಗಾರರ ವಿರುದ್ಧ 1,20,000 ಸುತ್ತು ಆಡಿ ಅವರನ್ನು ಸೋಲಿಸಿತು. 2019ರಲ್ಲಿ ಪ್ಲುರಿಬಸ್ ಆರು ಜನರ ಮೇಜಿನಲ್ಲೂ ಕಸುಬಿಗಳನ್ನು ಮೀರಿಸಿತು. ಮೊಬೈಲಿನ ಆಚೆ ‘ರಾಕಿ_77’ ಎಂಬ ಹೆಸರಿಟ್ಟುಕೊಂಡು ಕೂತಿರುವುದು ದಾವಣಗೆರೆಯ ಹುಡುಗನೋ, ಸಾಫ್ಟ್‌ವೇರ್ ತುಂಡೋ, ಒಂದೇ ಕೋಣೆಯಲ್ಲಿ ಕೂತು ಎಲೆ ಹಂಚಿಕೊಂಡು ಆಡುವ ಮೂವರೋ ಎಂದು ಹೇಳಬಲ್ಲ ಕೌಶಲ ಯಾವ ವಿಡಿಯೊದಲ್ಲಿ ಕಲಿಸುತ್ತಾರೆ?

ಆಗ ಗೆದ್ದವರ ಹೆಸರು ಮುಂದೆ ಬರುತ್ತದೆ. ಅಮೆರಿಕದ ಅಕೌಂಟೆಂಟ್ ಕ್ರಿಸ್ ಮನಿಮೇಕರ್ 86 ಡಾಲರ್‌ನ ಆನ್‌ಲೈನ್ ಸುತ್ತಿನಿಂದ ಆರಂಭಿಸಿ 2003ರಲ್ಲಿ ವಿಶ್ವ ಪೋಕರ್ ಸರಣಿಯ ಮುಖ್ಯ ಪಂದ್ಯ ಗೆದ್ದು 25 ಲಕ್ಷ ಡಾಲರ್ ಎತ್ತಿದ. ಆ ವರ್ಷ ಆಡಿದವರು 839. ಮೂರು ವರ್ಷದಲ್ಲಿ, 2006ಕ್ಕೆ, 8,773. ಒಬ್ಬನ ಗೆಲುವಿನ ಕಥೆ ಎಂಟು ಸಾವಿರ ಸೋಲುಗಳನ್ನು ಎಳೆದು ತಂದಿತು. ದಂಧೆಗೆ ಬೇಕಿದ್ದುದೂ ಅದೇ. ನಮ್ಮವರ ಉದಾಹರಣೆ ಬೇಕೆಂದರೆ ಬೆಂಗಳೂರಿನ ಸಂತೋಷ್ ಸುವರ್ಣ ಇದ್ದಾರೆ. 2024ರಲ್ಲಿ ಲಾಸ್ ವೇಗಾಸ್‌ನಲ್ಲಿ 54 ಲಕ್ಷ ಡಾಲರ್ ಗೆದ್ದರು, ಭೇಷ್. ಆ ಪಂದ್ಯದ ಪ್ರವೇಶಧನವೇ 2,50,000 ಡಾಲರ್, ಅಂದರೆ ನಮ್ಮ ಲೆಕ್ಕದಲ್ಲಿ ಎರಡು ಕೋಟಿ ರೂಪಾಯಿ. ಪಡಸಾಲೆಗೆ ಬಂದು ಈ ಹೆಸರು ಹೇಳುವ ಹುಡುಗ ಗೆದ್ದ ಮೊತ್ತ ಹೇಳುತ್ತಾನೆ, ಕಟ್ಟಿದ ಮೊತ್ತ ಹೇಳುವುದಿಲ್ಲ. ಕೋಳಿಕ್ಕೋಡಿನ ಐಐಎಂನಲ್ಲಿ ಪೋಕರ್ ಇಟ್ಟುಕೊಂಡು ಪಾಠ ಮಾಡಿದರು ಎಂಬುದೂ ಒಂದು ವಾದ. ಮಾಡಲಿ. ಅಲ್ಲಿ ಸೋತ ವಿದ್ಯಾರ್ಥಿಗೆ ಒಂದು ಅಂಕ ಕಡಿಮೆ. ಇಲ್ಲಿ ಸೋತವನ ಪಹಣಿಯಲ್ಲಿ ಒಂದು ಸರ್ವೆ ನಂಬರ್ ಕಡಿಮೆ.

ನ್ಯಾಯಾಲಯಗಳು ಈ ಮಾತಿಗೆ ಮುದ್ರೆ ಒತ್ತಿದ್ದು ಹೇಗೆಂಬುದೂ ಸ್ವಾರಸ್ಯದ ಕಥೆ. 1967ರಲ್ಲಿ ಸತ್ಯನಾರಾಯಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ರಮ್ಮಿಯನ್ನು ಪ್ರಧಾನವಾಗಿ ಕೌಶಲದ ಆಟ ಎಂದಿತು. 2013ರ ಅಕ್ಟೋಬರ್‌ನಲ್ಲಿ ಕರ್ನಾಟಕ ಹೈಕೋರ್ಟ್, ಕೌಶಲದ ಆಟವಾಗಿ ಪೋಕರ್ ಆಡಿಸಲು ಪರವಾನಗಿ ಬೇಕಿಲ್ಲ ಎಂದಿತು. 2017ರಲ್ಲಿ ಗುಜರಾತ್ ಹೈಕೋರ್ಟ್ ಅದೇ 52 ಎಲೆ ನೋಡಿ, ಇದು ಜೂಜು ಎಂದಿತು! ಕರ್ನಾಟಕ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು 2021ರ ಅಕ್ಟೋಬರ್ 5ರಿಂದ ಹಣದ ಆನ್‌ಲೈನ್ ಆಟ ನಿಷೇಧಿಸಿದರೆ, 2022ರ ಫೆಬ್ರುವರಿ 14ರಂದು ನಮ್ಮ ಹೈಕೋರ್ಟ್ ಅದರ ಮುಖ್ಯ ಅಂಶಗಳನ್ನೆಲ್ಲ ಹೊಡೆದುಹಾಕಿತು. ಇಷ್ಟೆಲ್ಲದರ ನಡುವೆ ಎಲ್ಲರೂ ಜಾಣತನದಿಂದ ಮರೆತದ್ದು 1967ರ ಅದೇ ತೀರ್ಪಿನ ಇನ್ನೊಂದು ಮಾತು: ಪಣವಿಟ್ಟ ಆಟದಿಂದ ಮನೆಯ ಅಥವಾ ಕ್ಲಬ್ಬಿನ ಒಡೆಯ ಲಾಭ ಮಾಡಿಕೊಳ್ಳುತ್ತಿದ್ದರೆ, ಅದು ರಮ್ಮಿಯೇ ಇರಲಿ ಬೇರೆಯೇ ಇರಲಿ, ಅಪರಾಧವೆಂದು ಸಾಬೀತಾಗಬಹುದು. ಅರ್ಧ ತೀರ್ಪು ಹಿಡಿದು ಉದ್ಯಮ ಕಟ್ಟಿದರು. ಉಳಿದರ್ಧ ಧೂಳು ತಿನ್ನುತ್ತಿದೆ.

ಅಸಲಿಗೆ ಈ ಕೌಶಲವಾದದ ಮೊದಲ ವಕೀಲ ಯಾರು ಗೊತ್ತೇ? ಶಕುನಿ. ವ್ಯಾಸಭಾರತದ ಸಭಾಪರ್ವ ತೆಗೆದು ನೋಡಿ. ಜೂಜು ವಂಚನೆ, ಇದರಲ್ಲಿ ಕ್ಷಾತ್ರವಿಲ್ಲ ಎಂದು ಧರ್ಮರಾಯ ಹಿಂಜರಿದಾಗ ಶಕುನಿ ಕೊಡುವ ಉತ್ತರ ಇಂದಿನ ಯಾವ ಗೇಮಿಂಗ್ ಕಂಪನಿಯ ವಕೀಲನ ಬಾಯಲ್ಲೂ ಸಲ್ಲುತ್ತದೆ. ವಿದ್ವಾಂಸ ಅವಿದ್ವಾಂಸನನ್ನು ಗೆಲ್ಲುವುದಿಲ್ಲವೇ, ಬಲ್ಲವನು ಬಾರದವನನ್ನು ಎದುರಿಸುವುದಿಲ್ಲವೇ, ಅದನ್ನು ಯಾರು ವಂಚನೆ ಎನ್ನುತ್ತಾರೆ ಎಂಬುದು ಅವನ ವಾದ. ಕೊನೆಗೆ ಸೇರಿಸುವ ಮಾತು ಇನ್ನೂ ಸೊಗಸು: ಭಯವಿದ್ದರೆ ಆಡಬೇಡ, ಹಿಂದೆ ಸರಿ. ಜಾಹೀರಾತಿನ ಕೊನೆಗೆ ಉಸಿರು ಕಟ್ಟಿ ಓದಿ ಮುಗಿಸುವ ‘ಚಟವಾಗಬಹುದು, ಜವಾಬ್ದಾರಿಯಿಂದ ಆಡಿ’ ಎಂಬ ಸೂಚನೆ ಇದಕ್ಕಿಂತ ಏನು ಭಿನ್ನ? ಹೊಣೆ ಪೂರ್ತಿ ಆಡುವವನ ತಲೆಗೆ, ಲಾಭ ಪೂರ್ತಿ ಆಡಿಸುವವನ ಕೈಗೆ. ತಮಾಷೆಯೆಂದರೆ ನಮ್ಮೂರಲ್ಲಿ ಬಯಲಾಟದ ರಾತ್ರಿ ಶಕುನಿಗೆ ಬೈಯುವವರೇ ಬೆಳಿಗ್ಗೆ ಅವನ ಪಕ್ಷ ವಹಿಸುತ್ತಾರೆ.

‘ಬೇಸಾಯವೂ ಜೂಜೇ ಅಲ್ವೇನ್ರಿ’ ಎಂಬುದು ನಮ್ಮ ಸೀಮೆಯ ಅಂತಿಮ ಅಸ್ತ್ರ. ಮಳೆ ಬಂದರೆ ಬಂತು, ಬೋರ್ ಬಿದ್ದರೆ ಬಿತ್ತು. ಅದಕ್ಕಿಂತ ಎಲೆ ವಾಸಿ ಎಂಬ ವಾದ. ವಾಣಿವಿಲಾಸ ಸಾಗರ 1933ರ ಮೇಲೆ ಮತ್ತೆ ಕೋಡಿ ಬಿದ್ದಿದ್ದು 2022ರಲ್ಲಿ. 89 ವರ್ಷ ಕಾದ ಜಿಲ್ಲೆಗೆ ಅನಿಶ್ಚಿತತೆಯ ಪಾಠ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಕೊಳವೆಬಾವಿಯಲ್ಲಿ ನೀರು ಬಂದರೆ ಪಕ್ಕದವನ ಹೊಲ ಒಣಗಲೇಬೇಕು ಎಂಬ ನಿಯಮವಿಲ್ಲ. ಮಳೆ ನೂರು ಹನಿಗೆ ಐದು ಹನಿ ರೇಕ್ ಹಿಡಿಯುವುದಿಲ್ಲ. ಒಂದು ಅಡಕೆ ಗಿಡ ಫಸಲು ಕೊಟ್ಟರೆ ಲೋಕಕ್ಕೆ ಇಲ್ಲದಿದ್ದ ಒಂದು ಗೊನೆ ಸೇರುತ್ತದೆ. ರೈತನ ಸಂಕಟವನ್ನು ಜೂಜಿಗೆ ಸಮಜಾಯಿಷಿ ಮಾಡಿಕೊಳ್ಳುವವರು ರೈತನಿಗೆ ಮಾಡುವ ಅವಮಾನ ಸಣ್ಣದಲ್ಲ.

ಯುಗಾದಿಯ ಮಾತೂ ಹಾಗೆಯೇ. ಹಬ್ಬದ ಮಧ್ಯಾಹ್ನ ಅರಳಿಕಟ್ಟೆಯ ಮೇಲೆ ಎಲೆ ಹಾಕುವುದು ಸಂಪ್ರದಾಯವಂತೆ. ನಮ್ಮೂರ ದೇವರು ನರಸಿಂಹಸ್ವಾಮಿ ಇದನ್ನು ಎಂದು ಅಪ್ಪಣೆ ಮಾಡಿದ? ಪೊಲೀಸರು ಬರುತ್ತಾರೆ, ಕಟ್ಟೆಯ ಮೇಲಿದ್ದ ಎಂಟು ಜನರನ್ನೂ ಹಾಸಿನ ಮೇಲಿದ್ದ ಚಿಲ್ಲರೆಯನ್ನೂ ಹೊತ್ತೊಯ್ಯುತ್ತಾರೆ, ಮರುದಿನ ಪತ್ರಿಕೆಯಲ್ಲಿ ನಾಲ್ಕು ಸಾಲು ಬರುತ್ತದೆ. ಬೆಂಗಳೂರಿನಲ್ಲಿ ಹವಾನಿಯಂತ್ರಿತ ಕೋಣೆಯಲ್ಲಿ ಅದೇ ಎಲೆ ಹಿಡಿದವನು ಕ್ರೀಡಾಪಟು. ಪಂಚೆ ಉಟ್ಟು ಆಡಿದರೆ ಅಪರಾಧ, ಕನ್ನಡಕ ಹಾಕಿ ಆಡಿದರೆ ಕೌಶಲ. ಕಟ್ಟೆಯವರನ್ನು ಬಿಟ್ಟುಬಿಡಿ ಎಂದು ನಾನು ಕೇಳುತ್ತಿಲ್ಲ. ಅವರಿಗೆ ನೂರಕ್ಕೆ ಹತ್ತರ ಬಡ್ಡಿಗೆ ಅಲ್ಲೇ ನಿಂತು ಸಾಲ ಕೊಟ್ಟವನನ್ನು ಯಾಕೆ ಹಿಡಿಯಲಿಲ್ಲ ಎಂದು ಕೇಳುತ್ತಿದ್ದೇನೆ. ವಿಪರೀತ ಬಡ್ಡಿ ನಿಷೇಧಿಸುವ ಕಾಯ್ದೆ ಈ ರಾಜ್ಯದಲ್ಲಿ 2004ರಿಂದ ಇದೆ.

2025ರ ಆಗಸ್ಟ್ 22ರಂದು ಆನ್‌ಲೈನ್ ಗೇಮಿಂಗ್ ಮಸೂದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಕೌಶಲವೋ ಅದೃಷ್ಟವೋ, ಹಣ ಕಟ್ಟಿ ಆನ್‌ಲೈನ್‌ನಲ್ಲಿ ಆಡಿಸುವುದೆಲ್ಲ ನಿಷಿದ್ಧ ಎಂದಿತು ಆ ಕಾನೂನು. ಆಡಿಸುವವನಿಗೆ ಮೂರು ವರ್ಷದವರೆಗೆ ಜೈಲು, ಕೋಟಿ ರೂಪಾಯಿವರೆಗೆ ದಂಡ. ಕಂಪನಿಗಳು ಕೋರ್ಟಿಗೆ ಹೋದವು, ಅರ್ಜಿಗಳು ಸುಪ್ರೀಂ ಕೋರ್ಟಿಗೆ ವರ್ಗವಾದವು. ಅಂಕಿತ ಬಿದ್ದ ಮರುದಿನ, ಆಗಸ್ಟ್ 23ರಂದು, ಚಿತ್ರದುರ್ಗದ ಶಾಸಕ ಕೆ.ಸಿ. ವೀರೇಂದ್ರ ಅವರನ್ನು ಅಕ್ರಮ ಬೆಟ್ಟಿಂಗ್ ಪ್ರಕರಣದಲ್ಲಿ ಜಾರಿ ನಿರ್ದೇಶನಾಲಯ ಗ್ಯಾಂಗ್ಟಾಕ್‌ನಲ್ಲಿ ಬಂಧಿಸಿತು. ಸುಮಾರು 12 ಕೋಟಿ ರೂಪಾಯಿ ನಗದು ವಶಪಡಿಸಿಕೊಂಡಿದ್ದಾಗಿ ಹೇಳಿತು, ಗೋವಾದ ಕ್ಯಾಸಿನೊಗಳಲ್ಲೂ ಶೋಧ ನಡೆಸಿತು. ಆರೋಪದ ಸತ್ಯಾಸತ್ಯ ನ್ಯಾಯಾಲಯಕ್ಕೆ ಬಿಟ್ಟದ್ದು. ನನ್ನ ಪ್ರಶ್ನೆ ಅವರಿಗಲ್ಲ, ಜಿಲ್ಲೆಗೆ. ಕ್ಯಾಸಿನೊ ಎಂಬ ಪದ ಚುನಾವಣೆಗೂ ಮೊದಲೇ ನಮ್ಮ ಚಹಾದಂಗಡಿಗಳಲ್ಲಿ ಓಡಾಡುತ್ತಿತ್ತು. ಯಾರಿಗಾದರೂ ಅದು ಕಳಂಕ ಅನ್ನಿಸಿತ್ತೇ? ‘ದುಡ್ಡಿದೆ, ದಾನ ಮಾಡ್ತಾರೆ’ ಎಂದು ಮುಗಿಸಿದೆವು. ಆ ವ್ಯಾಪಾರದಲ್ಲಿ ದುಡ್ಡು ಎಲ್ಲಿಂದ ಬರುತ್ತದೆ ಎಂದು ಕೇಳುವ ಅಭ್ಯಾಸ ನಮಗಿಲ್ಲ. 2024ರಲ್ಲಿ ಇದೇ ಜಿಲ್ಲೆಯಲ್ಲಿ ಬೆಟ್ಟಿಂಗ್ ಸಾಲದ ಕಾಟಕ್ಕೆ ಒಂದು ಮನೆಯ ಹೆಣ್ಣುಮಗಳು ಜೀವ ಕಳೆದುಕೊಂಡಳು. ಆಡಿದವಳು ಅವಳಲ್ಲ. ಪಣಕ್ಕಿಟ್ಟವರೊಬ್ಬರು, ಕಳೆದುಕೊಳ್ಳುವವರೊಬ್ಬರು ಎಂಬುದು ದ್ರೌಪದಿಯ ಕಾಲದಿಂದಲೂ ಈ ಆಟದ ನಿಯಮ.

ಈಗ ಹೊಸ ನೆಮ್ಮದಿ ಒಂದು ಶುರುವಾಗಿದೆ: ಆ್ಯಪ್‌ಗಳು ನಿಂತವಲ್ಲ, ಇನ್ನೇನು ಎಂಬುದು. ಕೇಂದ್ರದ ಕಾನೂನು ಇರುವುದು ಆನ್‌ಲೈನ್‌ಗೆ. ಕ್ಲಬ್ಬಿನ ಮೇಜು ಹಾಗೇ ಇದೆ, ಗೋವಾ ಬಸ್ಸು ಹಾಗೇ ಇದೆ, ವಿದೇಶದಿಂದ ನಡೆಯುವ ತಾಣಗಳ ಲಿಂಕು ವಾಟ್ಸ್‌ಆ್ಯಪ್‌ನಲ್ಲಿ ಬರುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಹುಡುಗನ ತಲೆಯಲ್ಲಿ ‘ನನಗೆ ಬರುತ್ತದೆ’ ಎಂಬ ನಂಬಿಕೆ ಹಾಗೇ ಇದೆ. ಅದನ್ನು ಯಾವ ಗೆಜೆಟ್ಟೂ ನಿಷೇಧಿಸಿಲ್ಲ.

ಆದ್ದರಿಂದ ಸರ್ಕಾರದಿಂದ ಕೇಳಬೇಕಾದ್ದನ್ನು ನೇರ ಕೇಳೋಣ. ಕರ್ನಾಟಕ ಪೊಲೀಸ್ ಕಾಯ್ದೆಯಲ್ಲಿ ಕೌಶಲವೋ ಅದೃಷ್ಟವೋ ಎಂಬ ಕೂದಲು ಸೀಳುವ ಪರೀಕ್ಷೆ ಸಾಕು. ಪಣವಿದೆಯೇ, ಆಡಿಸುವವನಿಗೆ ಪಾಲಿದೆಯೇ ಎಂಬ ಎರಡೇ ಪ್ರಶ್ನೆಯಿಟ್ಟು ಕ್ಲಬ್ಬು, ರೆಸಾರ್ಟು, ತೋಟದ ಶೆಡ್ಡು ಮೂರಕ್ಕೂ ಒಂದೇ ಕಾನೂನು ಬರೆಯಲಿ. ದಾಳಿಯ ವರದಿಯಲ್ಲಿ ಆಡಿದವರ ಹೆಸರಿಗಿಂತ ಮೊದಲು ಸಾಲ ಕೊಟ್ಟವನ, ಜಾಗ ಕೊಟ್ಟವನ ಹೆಸರಿರಲಿ. ಜೂಜಿನ ಗೀಳು ಕಾಯಿಲೆ. ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ಗೀಳಿಗೆಂದೇ 2014ರಿಂದ ಚಿಕಿತ್ಸಾ ಘಟಕವಿದೆ. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರಿನ ತಾಲ್ಲೂಕು ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನವಾದರೂ ಅಂಥ ಆಪ್ತಸಲಹೆ ಸಿಗಲಿ. ಅಲ್ಲಿಯವರೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್ ಸಂಖ್ಯೆ 14416 ಅನ್ನು ಪಂಚಾಯಿತಿ ಗೋಡೆಯ ಮೇಲೆ, ಜಾಹೀರಾತಿನ ಎಚ್ಚರಿಕೆಯ ಗಾತ್ರದಲ್ಲಲ್ಲ, ದೂರದಿಂದ ಕಾಣುವಷ್ಟು ದಪ್ಪಗೆ ಬರೆಸಲಿ.

ಊರಿನವರು ಮಾಡಬೇಕಾದ್ದಕ್ಕೆ ಸರ್ಕಾರವನ್ನು ಕಾಯಬೇಕಿಲ್ಲ. ಬರುವ ಯುಗಾದಿಗೆ ಕಟ್ಟೆಯ ಮೇಲೆ ಹಾಸು ಬೀಳಬಾರದೆಂದು ಹೊರಕೆರೆದೇವಪುರದ ಗ್ರಾಮಸಭೆ ಠರಾವು ಮಾಡಲಿ. ಆ ಸಭೆಯಲ್ಲಿ ಗಂಡಸರಿಗಿಂತ ಮೊದಲು ಸ್ತ್ರೀಶಕ್ತಿ ಸಂಘದವರು ಮಾತಾಡಲಿ, ಸೋತ ಲೆಕ್ಕ ಅವರ ಬಳಿ ಸರಿಯಾಗಿರುತ್ತದೆ. ಪಿಯು ಕಾಲೇಜಿನ ಗಣಿತದ ಮೇಷ್ಟ್ರು ಸಂಭವನೀಯತೆಯ ಪಾಠದಲ್ಲಿ ನಾಣ್ಯ ಚಿಮ್ಮುವುದನ್ನು ಬಿಟ್ಟು ಒಂದು ದಿನ ರೇಕ್‌ನ ಲೆಕ್ಕ ಮಾಡಿಸಲಿ. ಮುಂದಿನ ಚುನಾವಣೆಗೆ ಓಟು ಕೇಳಲು ಬರುವವರು, ಯಾವ ಪಕ್ಷದವರೇ ಆಗಲಿ, ದೇವಸ್ಥಾನದ ಮುಂದೆ ನಿಂತು ಎರಡು ಮಾತಿಗೆ ಉತ್ತರ ಹೇಳಲಿ: ನಿಮ್ಮ ಚುನಾವಣೆಯ ದುಡ್ಡಿನಲ್ಲಿ ಜೂಜಿನ ದುಡ್ಡೆಷ್ಟು? ಕ್ಲಬ್ಬುಗಳ ಮೇಲಿನ ಕಾನೂನಿಗೆ ನೀವು ಯಾವ ಕಡೆ ಕೈ ಎತ್ತುತ್ತೀರಿ? ಉತ್ತರ ಕೊಡದವರ ಕರಪತ್ರವನ್ನು ಅವರ ಕೈಗೇ ವಾಪಸ್ ಕೊಟ್ಟು ಕಳಿಸಿ.